ಸಕ್ಕರೆ ಕಾಯಿಲೆಯ ಬೆಕ್ಕು ತಟ್ಟೆ ಮೂಸಿ ಹೊರಟುಹೋದರೆ

ಪ್ರಶ್ನೆ: ನಮ್ಮ ಮನೆಯ ಬೆಕ್ಕು ಗುಂಡನಿಗೆ ಈಗ 11 ವರ್ಷ. ಗಂಡು, ಆಪರೇಷನ್ ಆಗಿದೆ. ಐದು ತಿಂಗಳ ಹಿಂದೆ ಸಕ್ಕರೆ ಕಾಯಿಲೆ ಅಂತ ಗೊತ್ತಾಯಿತು. ಬೆಳಿಗ್ಗೆ ಏಳಕ್ಕೆ, ರಾತ್ರಿ ಏಳಕ್ಕೆ 2 ಯೂನಿಟ್ ಗ್ಲಾರ್ಜಿನ್ ಇನ್ಸುಲಿನ್ ಹಾಕುತ್ತಿದ್ದೇವೆ. ಹತ್ತು ದಿನದಿಂದ ಊಟ ಸರಿ ಇಲ್ಲ. ತಟ್ಟೆ ಇಟ್ಟ ಸದ್ದಿಗೆ ಓಡಿ ಬರುತ್ತಾನೆ, ಮೂಸುತ್ತಾನೆ, ತುಟಿ ನೆಕ್ಕಿಕೊಂಡು ಹೊರಟುಹೋಗುತ್ತಾನೆ. ಎರಡು ಸಲ ಬಿಳಿ ನೊರೆ ವಾಂತಿ ಮಾಡಿದ. ಕಳೆದ ತಿಂಗಳು 5.8 ಕೆಜಿ ಇದ್ದವನು ಈಗ 5.1. ಊಟ ಮಾಡದಿದ್ದರೆ ಇನ್ಸುಲಿನ್ ಕೊಡಬೇಕೋ ಬಿಡಬೇಕೋ? ಪಕ್ಕದ ಮನೆಯವರು ಮಕ್ಕಳ ಹಸಿವಿನ ಸಿರಪ್ ಕೊಡಿ ಅನ್ನುತ್ತಾರೆ. ನಮ್ಮದು ಸಸ್ಯಾಹಾರಿ ಮನೆ. ಹಾಲು ಅನ್ನ ಕೊಟ್ಟರೆ ಸ್ವಲ್ಪ ನೆಕ್ಕುತ್ತಾನೆ. ಅದನ್ನೇ ಕೊಡಬಹುದಾ?
(ತೀರ್ಥಹಳ್ಳಿಯಿಂದ ಓದುಗರೊಬ್ಬರು)

ಉತ್ತರ: ನೀವು ಬರೆದದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಒಂದೇ. ಓಡಿ ಬರುತ್ತಾನೆ, ಮೂಸುತ್ತಾನೆ, ತುಟಿ ನೆಕ್ಕಿಕೊಂಡು ಹೋಗುತ್ತಾನೆ. ಅಂದರೆ ಗುಂಡನಿಗೆ ಹಸಿವಿದೆ. ಹಸಿವಿಲ್ಲದಿದ್ದರೆ ತಟ್ಟೆಯ ಸದ್ದಿಗೆ ಏಳುತ್ತಲೇ ಇರಲಿಲ್ಲ. ಊಟದ ವಾಸನೆ ಮೂಗಿಗೆ ಬಡಿದ ಕೂಡಲೇ ಅವನಿಗೆ ಹೊಟ್ಟೆ ತೊಳಸುತ್ತಿದೆ. ಬಸ್ಸಿನಲ್ಲಿ ಆಗುಂಬೆ ಘಾಟಿ ಇಳಿಯುವಾಗ ವಾಕರಿಕೆ ಬರುವವರ ಮುಂದೆ ಯಾರಾದರೂ ಬಿಸಿ ಬಜ್ಜಿ ಹಿಡಿದರೆ ಹೇಗಿರುತ್ತದೆ, ಹಾಗೆ.

ಬೆಕ್ಕಿಗೆ ವಾಕರಿಕೆ ಇದೆ ಅಂತ ಗೊತ್ತಾಗಲು ವಾಂತಿಯೇ ಆಗಬೇಕೆಂದಿಲ್ಲ. ಪದೇ ಪದೇ ತುಟಿ ನೆಕ್ಕುವುದು, ಬಾಯಲ್ಲಿ ಏನೂ ಇಲ್ಲದಿದ್ದರೂ ನುಂಗುವುದು, ಜೊಲ್ಲು, ಹಲ್ಲು ಕಡಿಯುವುದು, ಬೆನ್ನು ಗೂನು ಮಾಡಿ ಕೂರುವುದು, ತಟ್ಟೆಯ ಸುತ್ತ ನೆಲ ಕೆರೆದು ಊಟವನ್ನು ಮುಚ್ಚುವಂತೆ ಮಾಡುವುದು ಎಲ್ಲವೂ ಅದೇ. ಆ ಕೆರೆಯುವುದನ್ನು ನೋಡಿ ಮನೆಯವರು "ಇವನಿಗೆ ಈ ಊಟ ಹಿಡಿಸಲಿಲ್ಲ, ಹಟ ಮಾಡ್ತಾನೆ" ಅಂದುಕೊಂಡು ಬ್ರಾಂಡ್ ಬದಲಿಸುತ್ತಾರೆ. ಮೂರು ದಿನಕ್ಕೆ ನಾಲ್ಕು ಬ್ರಾಂಡ್ ಆಗುತ್ತದೆ. ಆಮೇಲೆ ನಾಲ್ಕೂ ಬೇಡವಾಗುತ್ತವೆ. ಹೊಟ್ಟೆ ತೊಳಸುವಾಗ ಎದುರಿಗಿದ್ದ ಊಟವನ್ನು ಬೆಕ್ಕು ಆ ಸಂಕಟದ ಜೊತೆಯೇ ನೆನಪಿಟ್ಟುಕೊಳ್ಳುತ್ತದೆ. ಹುಷಾರಾದ ಮೇಲೂ ಮುಟ್ಟದೇ ಇರಬಹುದು. ಆದ್ದರಿಂದ ಮೊದಲು ವಾಕರಿಕೆ ನಿಲ್ಲಬೇಕು, ಊಟ ಆಮೇಲೆ. ಈ ಕ್ರಮ ತಪ್ಪಿಸಬೇಡಿ.

ಈಗ ನಿಮ್ಮ ತುರ್ತಿನ ಪ್ರಶ್ನೆ, ಇನ್ಸುಲಿನ್. ಪೂರ್ತಿ ನಿಲ್ಲಿಸಬೇಡಿ. ಕಣ್ಣುಮುಚ್ಚಿಕೊಂಡು ಪೂರ್ತಿ ಡೋಸ್ ಹಾಕಲೂ ಬೇಡಿ.

ಯಾಕೆ ನಿಲ್ಲಿಸಬಾರದು ಅಂದರೆ, ಇನ್ಸುಲಿನ್ ಇಲ್ಲದೆ ರಕ್ತದಲ್ಲಿರುವ ಸಕ್ಕರೆ ಮೈಗೆ ಸಿಗುವುದಿಲ್ಲ. ಮೈ ತನ್ನ ಕೊಬ್ಬನ್ನೇ ಕರಗಿಸಲು ಶುರು ಮಾಡುತ್ತದೆ. ಕೊಬ್ಬು ಕರಗಿದಾಗ ಕೀಟೋನ್ ಅನ್ನುವ ವಸ್ತು ರಕ್ತ ಸೇರುತ್ತದೆ. ಕೀಟೋನ್ ಹೆಚ್ಚಾದರೆ ಹೊಟ್ಟೆ ತೊಳಸುತ್ತದೆ. ಹೊಟ್ಟೆ ತೊಳಸಿದರೆ ಊಟ ಬಿಡುತ್ತದೆ. ಊಟ ಬಿಟ್ಟರೆ ಇನ್ನಷ್ಟು ಕೊಬ್ಬು ಕರಗುತ್ತದೆ. ನಿಮ್ಮ ಕಡೆ ಹಸು ಸಾಕಿದವರಿಗೆ ಇದು ಹೊಸದಲ್ಲ. ಕರು ಹಾಕಿ ಎರಡು ಮೂರು ವಾರ ಕಳೆದ ಹಾಲಿನ ಹಸು ಮೇವು ಬಿಟ್ಟು ಸೊರಗುತ್ತದಲ್ಲ, ಉಸಿರಿಗೆ ಒಂಥರಾ ಸಿಹಿ ವಾಸನೆ ಬರುತ್ತದಲ್ಲ, ಅದು ಕೀಟೋಸಿಸ್. ಅದೇ ಕೀಟೋನ್ ಇಲ್ಲೂ. ಸಕ್ಕರೆ ಕಾಯಿಲೆಯ ಬೆಕ್ಕಿನಲ್ಲಿ ಇದು ಹಸುವಿಗಿಂತ ಬೇಗ ಕೆಡುತ್ತದೆ, ರಕ್ತ ಹುಳಿಯಾಗುತ್ತದೆ, ಒಂದೆರಡು ದಿನದಲ್ಲಿ ಪ್ರಾಣಕ್ಕೇ ಬರುತ್ತದೆ.

ಪೂರ್ತಿ ಡೋಸ್ ಯಾಕೆ ಬೇಡ ಅಂದರೆ, ಊಟ ಕಡಿಮೆಯಾದಾಗ ಸಕ್ಕರೆ ತೀರಾ ಇಳಿಯಬಹುದು. 60ಕ್ಕಿಂತ ಕೆಳಗೆ ಹೋದರೆ ಬೆಕ್ಕು ತೂರಾಡುತ್ತದೆ, ನಡುಗುತ್ತದೆ, ಫಿಟ್ಸ್ ಬರಬಹುದು. ಹಾಗೇನಾದರೂ ಕಂಡರೆ ಜೇನುತುಪ್ಪವನ್ನೋ ಗ್ಲೂಕೋಸ್ ನೀರನ್ನೋ ಬೆರಳಿನಲ್ಲಿ ಒಸಡಿಗೆ ಸವರಿ. ಬಾಯೊಳಗೆ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಸವರಿದ ತಕ್ಷಣ ಆಸ್ಪತ್ರೆಗೆ ಹೊರಡಿ.

ಹಾಗಾದರೆ ಎಷ್ಟು ಕೊಡಬೇಕು? ನಾನು ಮನೆಯವರಿಗೆ ಹೇಳಿಕೊಡುವ ಲೆಕ್ಕ ಇದು. ಮೊದಲು ಊಟ ಇಡಿ, ನೋಡಿ. ಎಂದಿನಂತೆ ತಿಂದರೆ ಪೂರ್ತಿ ಡೋಸ್. ಅರ್ಧ ತಿಂದರೆ ಅರ್ಧ ಡೋಸ್, ಜೊತೆಗೆ ಡಾಕ್ಟರಿಗೆ ಫೋನ್. ಏನೂ ತಿನ್ನದಿದ್ದರೆ ಸಕ್ಕರೆ ನೋಡದೆ ಸೂಜಿ ಹಾಕಬೇಡಿ. ಕಿವಿಯನ್ನು ಬೆಚ್ಚಗಿನ ಬಟ್ಟೆಯಿಂದ ಅರ್ಧ ನಿಮಿಷ ಒತ್ತಿ ಹಿಡಿದು, ಅಂಚಿನಲ್ಲಿ ಚುಚ್ಚಿದರೆ ಒಂದು ಹನಿ ಸಾಕು. ಮನೆಯಲ್ಲಿ ಯಾರದ್ದಾದರೂ ಗ್ಲೂಕೋಮೀಟರ್ ಇದ್ದರೆ ಅದೇ ನಡೆಯುತ್ತದೆ. ಆದರೆ ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ಇರುವುದಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ, ನೆನಪಿರಲಿ. 150ಕ್ಕಿಂತ ಕೆಳಗಿದ್ದು ಊಟವೂ ಮಾಡಿಲ್ಲ ಅಂದರೆ ಆ ಹೊತ್ತಿನ ಡೋಸ್ ಬಿಟ್ಟು ಫೋನ್ ಮಾಡಿ. 250ರ ಮೇಲಿದ್ದರೆ ಅರ್ಧ ಡೋಸ್ ಕೊಟ್ಟು ಕೀಟೋನ್ ನೋಡಿ. ನಡುವೆ ಇದ್ದರೆ ನಿಮ್ಮ ಡಾಕ್ಟರು ಹೇಳಿದಂತೆ. ಗುಂಡನನ್ನು ಕೈಯಲ್ಲಿ ಹಿಡಿದು ನೋಡಿದವರು ಬೇರೆ ಹೇಳಿದರೆ ಅವರ ಮಾತೇ ಸರಿ.

ಕೀಟೋನ್ ನೋಡುವುದು ಕಷ್ಟವಲ್ಲ. ಮೆಡಿಕಲ್ ಶಾಪಿನಲ್ಲಿ ಕೀಟೋ-ಡಯಾಸ್ಟಿಕ್ಸ್ ಥರದ ಪಟ್ಟಿ ಕೇಳಿ. ಕಷ್ಟ ಇರುವುದು ಮೂತ್ರ ಹಿಡಿಯುವುದರಲ್ಲಿ. ಇದಕ್ಕೆಂದೇ ಬೇರೆ ಇಟ್ಟ, ಉದ್ದ ಹಿಡಿಯ ಒಂದು ಹಳೆಯ ಸೌಟು ಸಾಕು. ಗುಂಡ ಕುಕ್ಕರುಗಾಲಲ್ಲಿ ಕೂತಾಗ ಹಿಂದಿನಿಂದ ಮೆಲ್ಲಗೆ ಒಡ್ಡಿ. ಮೊದಲ ದಿನ ತಿರುಗಿ ನೋಡುತ್ತಾನೆ, ಎದ್ದೂ ಹೋಗಬಹುದು. ಮೂರನೇ ದಿನಕ್ಕೆ ಸುಮ್ನೆ ಇರುತ್ತಾನೆ. ಪಟ್ಟಿ ಅದ್ದಿ ತೆಗೆದ 15 ಸೆಕೆಂಡಿಗೆ ಕೀಟೋನ್ ಚೌಕದ ಬಣ್ಣ ನೋಡಬೇಕು, 30 ಸೆಕೆಂಡಿಗೆ ಗ್ಲೂಕೋಸ್ ಚೌಕದ್ದು. ಕೀಟೋನ್ ಚೌಕ ಸ್ವಲ್ಪವೇ ನೇರಳೆಗೆ ತಿರುಗಿದರೂ, ಊಟ ಬಿಟ್ಟ ಬೆಕ್ಕಿನಲ್ಲಿ ಅದು ಆ ದಿನವೇ ಆಸ್ಪತ್ರೆಗೆ ಹೋಗಬೇಕಾದ ಸುದ್ದಿ. ಪಟ್ಟಿ ಸಿಗದಿದ್ದರೆ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಕೇಳಿ. ಹಸುವಿನ ಕೀಟೋಸಿಸ್ ಪತ್ತೆಗೆ ಮಾಡುವ ರೋಥೆರಾ ಪರೀಕ್ಷೆ ಬೆಕ್ಕಿನ ಮೂತ್ರಕ್ಕೂ ಆಗುತ್ತದೆ.

ಈ ಅಂಕಣವನ್ನು ಅಮೆರಿಕದಿಂದ ಓದುವ ಕನ್ನಡಿಗರೂ ಇದ್ದೀರಿ. ನಿಮಗೊಂದು ಮಾತು. ಅಲ್ಲಿ ಬೆಕ್ಕುಗಳಿಗೆಂದೇ ಇನ್ಸುಲಿನ್ ಬದಲು ಬಾಯಿಗೆ ಕೊಡುವ ಔಷಧ ಬಂದಿವೆ. 2022ರಲ್ಲಿ ಬೆಕ್ಸಾಕ್ಯಾಟ್, 2023ರಲ್ಲಿ ಸೆನ್ವೆಲ್ಗೊ. ಇವನ್ನು ತೆಗೆದುಕೊಳ್ಳುವ ಬೆಕ್ಕಿನಲ್ಲಿ ರಕ್ತದ ಸಕ್ಕರೆ ಮಾಮೂಲಾಗಿದ್ದರೂ ಕೀಟೋನ್ ಏರಬಹುದು. ಮೀಟರ್ ನೋಡಿ "ಶುಗರ್ ಸರಿಯಾಗಿದೆಯಲ್ಲ" ಅಂತ ಕೂರಬೇಡಿ. ಅಂಥ ಬೆಕ್ಕು ಊಟ ಬಿಟ್ಟರೆ ಔಷಧ ನಿಲ್ಲಿಸಿ, ಆವತ್ತೇ ತೋರಿಸಿ.

ಗುಂಡನ ವಿಷಯಕ್ಕೆ ಮತ್ತೆ ಬರೋಣ. ವಾಕರಿಕೆ ಎಲ್ಲಿಂದ ಬಂತು? ಇದನ್ನು ಹುಡುಕದೆ ಹಸಿವಿನ ಔಷಧ ಕೊಟ್ಟರೆ ಬೆಂಕಿಯ ಮೇಲೆ ಚಾಪೆ ಹೊದಿಸಿದ ಹಾಗೆ. ಕೀಟೋನ್ ಇಲ್ಲ ಅಂತಾದರೆ ನನ್ನ ಮೊದಲ ಅನುಮಾನ ಮೇದೋಜೀರಕ ಗ್ರಂಥಿಯ ಉರಿಯೂತ, ಪ್ಯಾಂಕ್ರಿಯಾಟೈಟಿಸ್. ಇನ್ಸುಲಿನ್ ತಯಾರಾಗುವ ಗ್ರಂಥಿಯೇ ಅದು. ಸಕ್ಕರೆ ಕಾಯಿಲೆಯ ಬೆಕ್ಕುಗಳಲ್ಲಿ ಇವೆರಡೂ ಒಟ್ಟಿಗೆ ಇರುವುದು ತುಂಬಾ ಸಾಮಾನ್ಯ. ಈ ಕಾಯಿಲೆ ಬಂದ ನಾಯಿ ಜೋರಾಗಿ ವಾಂತಿ ಮಾಡುತ್ತದೆ, ಹೊಟ್ಟೆ ನೋವು ಎದ್ದು ಕಾಣುತ್ತದೆ. ಬೆಕ್ಕು ಹಾಗಲ್ಲ. ಸ್ವಲ್ಪ ಊಟ ಬಿಡುತ್ತದೆ, ಮಂಚದ ಕೆಳಗೆ ಹೋಗಿ ಕೂರುತ್ತದೆ, ಅಷ್ಟೇ. ನೋವನ್ನು ಬಚ್ಚಿಡುವುದರಲ್ಲಿ ಬೆಕ್ಕನ್ನು ಮೀರಿಸುವ ಪ್ರಾಣಿ ಇಲ್ಲ. ಇಂಥ ಬೆಕ್ಕಿಗೆ ವಾಂತಿಯ ಔಷಧದಷ್ಟೇ ನೋವಿನ ಔಷಧವೂ ಮುಖ್ಯ. ನೋವು ಇಳಿದ ದಿನ ತಾನಾಗಿ ತಟ್ಟೆಗೆ ಬಾಯಿ ಹಾಕಿದ ಬೆಕ್ಕುಗಳನ್ನು ಎಷ್ಟೋ ಸಲ ಕಂಡಿದ್ದೇನೆ. ನೀವಾಗಿ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರ ಕೊಡಬೇಡಿ. ಬೆಕ್ಕಿಗೆ ಅದು ವಿಷ. ಒಂದೇ ಮಾತ್ರೆ ಸಾಯಿಸಬಹುದು.

ಎರಡನೆಯದು ಕಿಡ್ನಿ. 11 ವರ್ಷದ ಬೆಕ್ಕಿನಲ್ಲಿ ಇದನ್ನು ನೋಡದೆ ಬಿಡುವಂತಿಲ್ಲ. ಮೂತ್ರದ ಸೋಂಕು, ಥೈರಾಯ್ಡ್, ಲಿವರ್, ಕೊಳೆತ ಹಲ್ಲು ಕೂಡ ಪಟ್ಟಿಯಲ್ಲಿವೆ. ಮಲಬದ್ಧತೆಯನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಸಕ್ಕರೆ ಹೆಚ್ಚಾದ ಬೆಕ್ಕು ತುಂಬಾ ಮೂತ್ರ ಮಾಡುತ್ತದೆ, ಮೈಯಲ್ಲಿ ನೀರು ಕಡಿಮೆಯಾಗುತ್ತದೆ, ಮಲ ಕಲ್ಲಾಗುತ್ತದೆ. ನಾಲ್ಕು ದಿನ ಮಲ ಹೋಗದ ಬೆಕ್ಕಿಗೆ ಊಟ ಹೇಗೆ ಸೇರೀತು? ಗುಂಡ ಕೊನೆಯ ಸಲ ಯಾವಾಗ ಮಲ ಹಾಕಿದ ಅಂತ ನೋಡಿ.

ಇನ್ನೊಂದು ಅಪಾಯ ನಿಮ್ಮ ಫ್ರಿಜ್ಜಿನ ಪಕ್ಕದಲ್ಲೇ ಇರಬಹುದು. ಸಿರಿಂಜ್. ನಮ್ಮಲ್ಲಿ ಎರಡು ಬಗೆಯ ಇನ್ಸುಲಿನ್ ಸಿರಿಂಜ್ ಸಿಗುತ್ತವೆ. ಕೆಂಪು ಮುಚ್ಚಳದ್ದು ಯು-40, ಅಂದರೆ ಒಂದು ಎಂಎಲ್‌ಗೆ 40 ಯೂನಿಟ್ ಇರುವ ಇನ್ಸುಲಿನ್‌ಗೆ. ಕಿತ್ತಳೆ ಮುಚ್ಚಳದ್ದು ಯು-100, ಒಂದು ಎಂಎಲ್‌ಗೆ 100 ಯೂನಿಟ್ ಇರುವುದಕ್ಕೆ. ಗ್ಲಾರ್ಜಿನ್ ಸಾಮಾನ್ಯವಾಗಿ ಒಂದು ಎಂಎಲ್‌ಗೆ 100 ಯೂನಿಟ್ ಇರುವ ಔಷಧ. ಅದನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 2ರ ಗೆರೆಗೆ ಎಳೆದರೆ ಒಳಗೆ ಬರುವುದು 5 ಯೂನಿಟ್. ಎರಡೂವರೆ ಪಟ್ಟು. ಒಂದು ಸಂಜೆ ನನ್ನ ಬಳಿ ಬಂದ ಬಿಳಿ ಬೆಕ್ಕೊಂದು ತಲೆ ಎತ್ತಲಾಗದೆ ಟವೆಲಿನಲ್ಲಿ ಬಿದ್ದಿತ್ತು. ಸಕ್ಕರೆ 31. ಮನೆಯ ಹುಡುಗ ಪ್ರತಿ ದಿನ ಗಡಿಯಾರ ನೋಡಿ ಒಂದು ಹನಿ ಹೆಚ್ಚು ಕಡಿಮೆ ಇಲ್ಲದೆ ಸೂಜಿ ಹಾಕುತ್ತಿದ್ದ. ಹಳೆಯ ಸಿರಿಂಜ್ ಮುಗಿದು, ಅಂಗಡಿಯಲ್ಲಿ ಕೇಳಿದಾಗ ಸಿಕ್ಕಿದ್ದು ಕೆಂಪು ಮುಚ್ಚಳದ್ದು. ಅದನ್ನು ತೋರಿಸಿದಾಗ ಆ ಹುಡುಗನ ಮುಖ ಬಿಳಿಚಿಕೊಂಡಿತು. ಅವನದು ತಪ್ಪೇ ಅಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ಬೆಕ್ಕು ಬದುಕಿತು. ನೀವು ಇವತ್ತೇ ಮುಚ್ಚಳದ ಬಣ್ಣ ನೋಡಿಬಿಡಿ.

ಔಷಧಕ್ಕೆ ಬರೋಣ. ಹೆಸರು ಹೇಳುತ್ತಿರುವುದು ಡಾಕ್ಟರ ಜೊತೆ ಮಾತಾಡುವಾಗ ನಿಮಗೆ ತಿಳಿದಿರಲಿ ಅಂತ, ನೀವಾಗಿ ಅಂಗಡಿಯಿಂದ ತರಲಿ ಅಂತಲ್ಲ. ವಾಕರಿಕೆಗೆ ಬೆಕ್ಕಿನಲ್ಲಿ ಚೆನ್ನಾಗಿ ಕೆಲಸ ಮಾಡುವುದು ಮಾರೋಪಿಟಂಟ್. ಕೆಜಿಗೆ 1 ಮಿಲಿಗ್ರಾಂ, ದಿನಕ್ಕೊಂದು ಸಲ. ಚುಚ್ಚುವಾಗ ಉರಿಯುತ್ತದೆ. ಔಷಧವನ್ನು ಫ್ರಿಜ್ಜಿನಲ್ಲಿ ತಣ್ಣಗೆ ಇಟ್ಟು ಕೊಟ್ಟರೆ ಉರಿ ಕಡಿಮೆ. ಎರಡನೆಯದು ಓಂಡಾನ್ಸೆಟ್ರಾನ್, ನಮ್ಮ ಮಕ್ಕಳಿಗೆ ವಾಂತಿಯಾದಾಗ ಕೊಡುವುದೇ. ಗುಂಡನ ತೂಕಕ್ಕೆ 4 ಮಿಲಿಗ್ರಾಂ ಮಾತ್ರೆಯ ಅರ್ಧ, ದಿನಕ್ಕೆ ಎರಡು ಸಲ ಕೊಡುವ ರೂಢಿ ಇದೆ. ವಾಂತಿ ನಿಂತರೂ ವಾಕರಿಕೆ ಉಳಿದಿರುವ ಬೆಕ್ಕಿಗೆ ಇದು ಒಳ್ಳೆಯದು. ಎರಡನ್ನೂ ಒಟ್ಟಿಗೆ ಕೊಡಬಹುದು. ಮಾತ್ರೆ ಯಾವುದೇ ಇರಲಿ, ನುಂಗಿಸಿದ ಮೇಲೆ ಸಿರಿಂಜಿನಲ್ಲಿ 5 ಎಂಎಲ್ ನೀರು ಕುಡಿಸಿ. ಒಣ ಮಾತ್ರೆ ಬೆಕ್ಕಿನ ಗಂಟಲಿನಿಂದ ಕೆಳಗೆ ಅಂಟಿ ಕೂರುತ್ತದೆ. ಡಾಕ್ಸಿಸೈಕ್ಲಿನ್ ಹಾಗೆ ಕೂತರೆ ಅನ್ನನಾಳವೇ ಸುಟ್ಟು ಕಿರಿದಾಗುತ್ತದೆ.

ವಾಕರಿಕೆ ಹತೋಟಿಗೆ ಬಂದ ಮೇಲೂ ಊಟ ಸಾಲದಿದ್ದರೆ ಹಸಿವು ಹೆಚ್ಚಿಸುವ ಔಷಧ. ಮಿರ್ಟಜಪಿನ್ ನನ್ನ ಮೊದಲ ಆಯ್ಕೆ. 7.5 ಮಿಲಿಗ್ರಾಂ ಮಾತ್ರೆಯ ಕಾಲು ಭಾಗ, ದಿನಕ್ಕೊಮ್ಮೆ. ಕಿಡ್ನಿ ತೊಂದರೆ ಇದ್ದರೆ ದಿನ ಬಿಟ್ಟು ದಿನ. ಜಾಸ್ತಿಯಾದರೆ ಬೆಕ್ಕು ರಾತ್ರಿಯಿಡೀ ಕೂಗುತ್ತಾ ಓಡಾಡುತ್ತದೆ. ಪಕ್ಕದ ಮನೆಯವರು ಹೇಳಿದ ಮಕ್ಕಳ ಸಿರಪ್‌ನಲ್ಲಿ ಹೆಚ್ಚಾಗಿ ಸೈಪ್ರೊಹೆಪ್ಟಡಿನ್ ಇರುತ್ತದೆ. ಬೆಕ್ಕಿಗೂ ಕೊಡುತ್ತೇವೆ, ಸುಳ್ಳಲ್ಲ. ಆದರೆ ಎಷ್ಟೋ ಸಿರಪ್‌ಗಳು ಸಕ್ಕರೆ ಪಾಕದಲ್ಲಿ ಮಾಡಿದ್ದು, ಗುಂಡನಿಗೆ ಅದು ಬೇಡ. ಮಿರ್ಟಜಪಿನ್ ಜೊತೆಗಂತೂ ಕೊಡಲೇಬಾರದು, ಒಂದು ಇನ್ನೊಂದರ ಕೆಲಸ ಕೆಡಿಸುತ್ತದೆ. ಹೊರದೇಶದಲ್ಲಿ ಕ್ಯಾಪ್ರೊಮೊರೆಲಿನ್ ಅನ್ನುವ ಹಸಿವಿನ ಔಷಧ ಇದೆ. ಅದು ರಕ್ತದ ಸಕ್ಕರೆ ಏರಿಸುತ್ತದೆ, ಸಕ್ಕರೆ ಕಾಯಿಲೆ ಇದ್ದರೆ ನಾನು ಬರೆಯುವುದಿಲ್ಲ. ಹಸಿವು ಬರಲಿ ಅಂತ ಯಾರಾದರೂ ಸ್ಟೀರಾಯ್ಡ್ ಹಾಕಲು ಹೊರಟರೆ "ಇವನಿಗೆ ಶುಗರ್ ಇದೆ" ಅಂತ ಗಟ್ಟಿಯಾಗಿ ಹೇಳಿ.

ಇವುಗಳ ಜೊತೆಗೆ ಚರ್ಮದ ಕೆಳಗೆ ರಿಂಗರ್ಸ್ ಲ್ಯಾಕ್ಟೇಟ್ ಸಲೈನ್, ಬಿ12 ಚುಚ್ಚುಮದ್ದು, ಪೊಟ್ಯಾಸಿಯಂ ಕಡಿಮೆ ಇದ್ದರೆ ಅದು. ಬೆಕ್ಕು ಕತ್ತು ಎತ್ತಲಾಗದೆ ಗಲ್ಲ ಎದೆಗೆ ತಾಗಿಸಿ ಕೂತರೆ ಪೊಟ್ಯಾಸಿಯಂ ತೀರಾ ಇಳಿದಿರಬಹುದು.

ಹಾಲು ಅನ್ನದ ವಿಷಯ. ಸಸ್ಯಾಹಾರಿ ಮನೆಯಲ್ಲಿ ಬೆಕ್ಕು ಸಾಕುವುದು ಎಷ್ಟು ತೊಳಲಾಟದ ಕೆಲಸ ಅಂತ ನನಗೆ ಗೊತ್ತು, ನಾನು ಬೆಳೆದದ್ದೂ ಅಂಥ ಮನೆಯಲ್ಲೇ. ಆದರೂ ನೇರವಾಗಿ ಹೇಳಬೇಕು. ಬೆಕ್ಕಿನ ಮೈ ಮಾಂಸಕ್ಕೆ ಹೊಂದಿಕೊಂಡದ್ದು. ಟಾರಿನ್ ಅನ್ನುವ ಅಂಶ ಅದಕ್ಕೆ ಮಾಂಸದಿಂದಲೇ ಸಿಗಬೇಕು. ಅದಿಲ್ಲದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಹಿಗ್ಗುತ್ತದೆ. ಅನ್ನ ಹೋಗಿ ಸಕ್ಕರೆಯಾಗುತ್ತದೆ. ಹಾಲು ದೊಡ್ಡ ಬೆಕ್ಕುಗಳಿಗೆ ಎಷ್ಟೋ ಸಲ ಬೇಧಿ ಮಾಡಿಸುತ್ತದೆ. ಅಂದಹಾಗೆ, ಬೆಕ್ಕಿಗೆ ಸಿಹಿಯ ರುಚಿ ಗೊತ್ತಾಗುವುದೇ ಇಲ್ಲ, ಆ ರುಚಿ ಹಿಡಿಯುವ ಜೀನ್ ಅದರಲ್ಲಿ ಕೆಟ್ಟಿದೆ. ಗುಂಡ ಹಾಲು ನೆಕ್ಕುವುದು ಅದರ ಜಿಡ್ಡಿಗೆ. ಅಡುಗೆಮನೆಗೆ ತರಲು ಮನಸ್ಸಿಲ್ಲದಿದ್ದರೆ ಬೆಕ್ಕಿನ ವೆಟ್ ಫುಡ್ ಪೌಚ್ ಹಿತ್ತಿಲಲ್ಲೋ ಜಗುಲಿಯಲ್ಲೋ ಬೇರೆ ತಟ್ಟೆಯಲ್ಲಿ ಕೊಡಿ. ಬೇಯಿಸಿದ ಕೋಳಿ, ಮೀನು ಆಗುತ್ತದೆ ಅನ್ನುವವರು ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತ ಕೆಡಿಸುತ್ತವೆ. ಈಗಿನ ಸ್ಥಿತಿಯಲ್ಲಿ ಶುಗರ್ ಡಯಟ್ಟೇ ಆಗಬೇಕು ಅಂತ ಪಟ್ಟು ಹಿಡಿಯಬೇಡಿ. ಅವನು ಒಪ್ಪಿ ತಿನ್ನುವ ಯಾವ ಬೆಕ್ಕಿನ ಊಟವೂ ಸರಿ. ಡಯಟ್ ಹುಷಾರಾದ ಮೇಲೆ ನೋಡೋಣ.

ಕೊಡುವ ರೀತಿಯೂ ಮುಖ್ಯ. ಪೌಚನ್ನು ಬಿಸಿನೀರಿನ ಬಟ್ಟಲಲ್ಲಿ ಐದು ನಿಮಿಷ ಇಟ್ಟು, ಮುಟ್ಟಿದರೆ ಬೆಚ್ಚಗಿರುವಂತೆ ಮಾಡಿ. ಅಗಲ ತಟ್ಟೆಯಲ್ಲಿ ಒಂದು ಚಮಚ ಮಾತ್ರ. 15 ನಿಮಿಷದಲ್ಲಿ ತಿನ್ನದಿದ್ದರೆ ತೆಗೆದುಬಿಡಿ, ಮೂಗಿನ ಮುಂದೆ ಬಿಡಬೇಡಿ. ಎರಡು ಮೂರು ಗಂಟೆ ಬಿಟ್ಟು ಮತ್ತೆ ಇಡಿ. ಬಾಯಿ ಬಿಡಿಸಿ ತುರುಕಬೇಡಿ. ಔಷಧವನ್ನು ಅವನಿಗೆ ಇಷ್ಟದ ಊಟದಲ್ಲಿ ಬಚ್ಚಿಡಬೇಡಿ, ಇರುವ ಒಂದು ಊಟವೂ ಕೈತಪ್ಪುತ್ತದೆ. 5 ಕೆಜಿಯ ಬೆಕ್ಕಿಗೆ ದಿನಕ್ಕೆ ಕನಿಷ್ಠ 230 ಕ್ಯಾಲೊರಿ ಬೇಕು. 85 ಗ್ರಾಂ ಪೌಚಿನಲ್ಲಿ ಸುಮಾರು 60ರಿಂದ 80 ಇರುತ್ತದೆ, ಅಂದರೆ ಮೂರು ನಾಲ್ಕು ಪೌಚ್. ಇಷ್ಟು ದಿನ ಸರಿಯಾಗಿ ತಿನ್ನದವನಿಗೆ ಒಂದೇ ದಿನ ಅಷ್ಟೂ ಕೊಡಬೇಡಿ. ಮೊದಲ ದಿನ ಮೂರನೇ ಒಂದು ಭಾಗ, ಮಾರನೇ ದಿನ ಎರಡು ಭಾಗ, ಮೂರನೇ ದಿನ ಪೂರ್ತಿ.

ಮೂರು ದಿನದಲ್ಲಿ ಅಲ್ಲಿಗೆ ಮುಟ್ಟದಿದ್ದರೆ ಡಾಕ್ಟರು ಫೀಡಿಂಗ್ ಟ್ಯೂಬ್ ಅನ್ನಬಹುದು. ಹೆದರಬೇಡಿ. ಟ್ಯೂಬ್ ಅಂದ ಕೂಡಲೇ "ಇಷ್ಟಕ್ಕೆ ಬಂತಾ" ಅಂತ ಕಣ್ಣೀರು ಹಾಕಿದವರನ್ನು ನೋಡಿದ್ದೇನೆ. ದಪ್ಪ ಬೆಕ್ಕು ಊಟ ಬಿಟ್ಟರೆ ಕೊಬ್ಬೆಲ್ಲಾ ಲಿವರಿಗೆ ನುಗ್ಗಿ ಲಿವರ್ ಕೆಲಸ ನಿಲ್ಲಿಸುತ್ತದೆ. ಅದಕ್ಕೆ ಊಟವೇ ಔಷಧ. ಕತ್ತಿನ ಪಕ್ಕದಿಂದ ಅನ್ನನಾಳಕ್ಕೆ ಹಾಕುವ ಟ್ಯೂಬನ್ನು ಸ್ವಲ್ಪ ಹೊತ್ತಿನ ಅರಿವಳಿಕೆಯಲ್ಲಿ ಹಾಕುತ್ತಾರೆ. ವಾರಗಟ್ಟಲೆ ಮನೆಯಲ್ಲೇ ಇಟ್ಟುಕೊಳ್ಳಬಹುದು. ಊಟ, ನೀರು, ಮಾತ್ರೆ ಎಲ್ಲಾ ಅದರಲ್ಲೇ. ಎಪ್ಪತ್ತು ದಾಟಿದ ಗಂಡ ಹೆಂಡತಿ ತಮ್ಮ ಬೆಕ್ಕಿಗೆ ಐದು ವಾರ ಹೀಗೆ ಉಣಿಸಿದರು. ಅಜ್ಜ ಸೋಫಾದಲ್ಲಿ ಬೆಕ್ಕನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು, ಅಜ್ಜಿ ಸಿರಿಂಜಿನಲ್ಲಿ ಮೆಲ್ಲಗೆ ಬಿಡುತ್ತಿದ್ದರು, ಬೆಕ್ಕು ಗುರುಗುಟ್ಟುತ್ತಾ ನಿದ್ದೆ ಹೋಗುತ್ತಿತ್ತು. ಆರನೇ ವಾರ ಟ್ಯೂಬ್ ತೆಗೆದೆ.

ಗುಂಡ 700 ಗ್ರಾಂ ಇಳಿದಿದ್ದಾನೆ. ಮೈತೂಕದ ನೂರಕ್ಕೆ ಹನ್ನೆರಡು. 60 ಕೆಜಿಯ ಮನುಷ್ಯ ಒಂದು ತಿಂಗಳಲ್ಲಿ 7 ಕೆಜಿ ಇಳಿದಂತೆ. ಆದ್ದರಿಂದ ಇನ್ನು ಮನೆಯಲ್ಲಿ ಕಾಯಬೇಡಿ, ನಾಳೆಯೇ ತೋರಿಸಿ. ನಿಮ್ಮೂರಿನ ಡಾಕ್ಟರು ವಾಂತಿಯ ಇಂಜೆಕ್ಷನ್ ಮತ್ತು ಸಲೈನ್ ಕೊಡಬಲ್ಲರು. ಸ್ಕ್ಯಾನಿಂಗ್, ರಕ್ತ ಪರೀಕ್ಷೆ ಬೇಕೆಂದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಒಂದು ದಿನ ಪೂರ್ತಿ ಏನೂ ಮುಟ್ಟದಿದ್ದರೆ, ಉಸಿರಿಗೆ ನೇಲ್ ಪಾಲಿಶ್ ಅಳಿಸುವ ದ್ರವದ ವಾಸನೆ ಬಂದರೆ, ಉಸಿರು ಜೋರಾದರೆ, ಕಿವಿಯ ಒಳಗೆ ಹಳದಿ ಕಂಡರೆ, ಮೈ ತಣ್ಣಗಾದರೆ ರಾತ್ರಿಯಾದರೂ ಹೊರಡಿ.

ಹೋಗುವಾಗ ಇನ್ಸುಲಿನ್ ಬಾಟಲಿಯನ್ನು ತಣ್ಣಗಿನ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ನೀವು ಬಳಸುವ ಸಿರಿಂಜ್ ಒಂದನ್ನು ಹಾಕಿಕೊಳ್ಳಿ. ಕಳೆದ ಹತ್ತು ದಿನ ಎಷ್ಟು ಚಮಚ ತಿಂದ, ಎಷ್ಟು ಯೂನಿಟ್ ಹಾಕಿದಿರಿ, ಯಾವಾಗ ವಾಂತಿ, ಯಾವಾಗ ಮಲ, ನೆನಪಿದ್ದಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅವನು ತಟ್ಟೆ ಮೂಸಿ ತುಟಿ ನೆಕ್ಕಿ ಹೋಗುವುದನ್ನು ಇವತ್ತು ರಾತ್ರಿ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಆಸ್ಪತ್ರೆಯ ಮೇಜಿನ ಮೇಲೆ ಹೆದರಿ ಕೂತ ಬೆಕ್ಕು ಅದನ್ನು ಡಾಕ್ಟರಿಗೆ ತೋರಿಸುವುದಿಲ್ಲ.